ಬಿಯರ್ ಚರಟ: ನೀರಿಗೆ ಕೊಡುವ ದುಡ್ಡು

(ಹೊಸಕೋಟೆಯಲ್ಲಿ ಮಿಲ್ ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ಬರುವಾಗ ನಿಮ್ಮಲ್ಲಿ ಕೆಲವರು ಬೋನಸ್ಸಿನ ಮಾತು ಬರುವುದೆಂದೂ, ಕೆಲವರು ಅಂಗಡಿ ಬಾಡಿಗೆಯ ಮಾತು ಬರುವುದೆಂದೂ ಎಣಿಸಿದ್ದಿರಬಹುದು. ಅವೆರಡನ್ನೂ ನಮಗಿಂತ ಮೊದಲು ಮಾತನಾಡಿದವರು ಚೆನ್ನಾಗಿಯೇ ಹೇಳಿ ಮುಗಿಸಿದ್ದಾರೆ. ನಾವು ಎತ್ತಿಕೊಂಡಿರುವುದು ದನದ ಕೊಟ್ಟಿಗೆಯ ಮಾತು. ಮಿಲ್ಲಿನ ಪಾಳಿಗೂ ಕೊಟ್ಟಿಗೆಗೂ ಏನು ಸಂಬಂಧವೆಂದು ನಗಬೇಡಿ. ಪಿಳ್ಳಗುಂಪೆಯ ಕಾರ್ಖಾನೆಗಳಿಗೆ ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ ಕಡೆಯಿಂದ ಬೆಳಗಿನ ಪಾಳಿಗೆ ಬರುವವರು ಕೈಯೆತ್ತಲಿ: ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಹಸುವಿದೆ? ನೋಡಿ, ಅರ್ಧಕ್ಕಿಂತ ಹೆಚ್ಚು. ತಿಂಗಳ ಕೂಲಿ ಸಾಲದಾಗ ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಟವಾಡೆಯೇ ಮಕ್ಕಳ ಶಾಲೆಯ ಶುಲ್ಕವನ್ನೂ ದಿನಸಿ ಅಂಗಡಿಯ ಬಾಕಿಯನ್ನೂ ತೀರಿಸುವುದೆಂಬುದು ಮನೆಯ ಹೆಂಗಸರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆ ಬಟವಾಡೆಯಲ್ಲಿ ದೊಡ್ಡ ಪಾಲನ್ನು ನುಂಗುವುದು ಹಿಂಡಿ, ಬೂಸಾ. ಆದುದರಿಂದ ಹಿಂಡಿ ಬೂಸಾದ ಮಾತು ಕೂಲಿಯ ಮಾತೇ ಆಗಿದೆ.

ಈಗ ಕೆಲವು ವರ್ಷಗಳಿಂದ ಹಿಂಡಿ ಬೂಸಾದ ಜೊತೆಗೆ ಇನ್ನೊಂದು ಮೇವು ನಮ್ಮ ಹಳ್ಳಿಗಳಿಗೆ ಲಾರಿಯಲ್ಲಿ ಬರುತ್ತಿದೆ. ಬಿಯರ್ ತಯಾರಿಸುವ ಕಾರ್ಖಾನೆಗಳಲ್ಲಿ ಉಳಿಯುವ ಜವೆಗೋಧಿಯ ಚರಟ ಅದು. ಕೆಲವರು ಅದನ್ನು ಬಿಯರ್ ವೇಸ್ಟ್ ಎನ್ನುತ್ತಾರೆ. ವೇಸ್ಟ್ ಎಂಬ ಮಾತು ನಮಗೆ ಹಿಡಿಸಿಲ್ಲ, ಚರಟವೆಂದೇ ಕರೆಯುತ್ತೇವೆ. ಹಿಂಡಿ ಎಂಬ ಮಾತನ್ನೇ ನೋಡಿ. ಎಣ್ಣೆ ಹಿಂಡಿದ ಮೇಲೆ ಗಾಣದಲ್ಲಿ ಉಳಿದದ್ದು ಹಿಂಡಿ. ಅದೂ ಉಳಿದದ್ದೇ, ಆದರೆ ಇಂದು ಅದನ್ನು ವೇಸ್ಟ್ ಎಂದು ಯಾವ ಅಂಗಡಿಯವನೂ ಬಿಟ್ಟಿ ಕೊಡುವುದಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂಬ ಒಂದು ಮಾತು ಆಡಿದ್ದಕ್ಕೆ ಮಂತ್ರಿಗಿರಿಯನ್ನೇ ಬಿಡಬೇಕಾಯಿತು. ಅಂದು ಗಲಾಟೆ ಮಾಡಿದವರ ಮನೆಯಲ್ಲಿ ಕರೆಯುವ ಹಸು ಇದ್ದಿದ್ದರೆ ಬೂಸಾ ಬೈಗುಳವೆಂದು ತೋರುತ್ತಿರಲಿಲ್ಲವೇನೋ.

ಮದ್ಯಪಾನ ಬೇಡವೆನ್ನುವ ನಾವು ಬಿಯರಿನ ಸುದ್ದಿ ಎತ್ತುವುದು ಸರಿಯೇ ಎಂದು ಹಿರಿಯರೊಬ್ಬರು ಬೆಳಿಗ್ಗೆ ಕೇಳಿದರು. ನ್ಯಾಯವಾದ ಪ್ರಶ್ನೆ. ನಾವು ಕುಡಿಯಿರಿ ಎಂದು ಹೇಳಲು ಬಂದಿಲ್ಲ. ಕೂಲಿಯ ದುಡ್ಡು ಬಾಟಲಿಗೆ ಹೋಗುವ ಮನೆಯ ಪಾಡು ಏನೆಂಬುದನ್ನು ಮೇಷ್ಟ್ರ ಕೆಲಸದಲ್ಲಿದ್ದಾಗ ಮಕ್ಕಳ ಹಸಿದ ಮುಖದಲ್ಲೇ ಓದಿದ್ದೇವೆ. ಆದರೆ ಬಿಯರ್ ತಯಾರಾಗುತ್ತಲೇ ಇದೆ, ಅದರ ಚರಟ ನಮ್ಮ ಕೊಟ್ಟಿಗೆಗೆ ಬರುತ್ತಲೇ ಇದೆ. ಬಂದದ್ದರ ಲೆಕ್ಕ ಕೇಳದೆ ಕಣ್ಣು ಮುಚ್ಚಿಕೊಂಡರೆ ಅದು ನೀತಿಯಾಗದು.

ಇನ್ನೊಂದು ಭಯವಿದೆ. ಚರಟ ತಿಂದ ಹಸುವಿಗೆ ಅಮಲೇರುತ್ತದೆ, ಹಾಲಿಗೆ ಬಿಯರಿನ ಅಂಶ ಬರುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಹರಡಿದೆ. ಇದು ನಿಜವಲ್ಲ, ಏಕೆಂದು ಹೇಳುತ್ತೇವೆ. ಮಗುವಿಗೆ ಸರಿ ಮಾಡಲು ನಮ್ಮ ತಾಯಂದಿರು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುತ್ತಾರೆ. ಜವೆಗೋಧಿಗೂ ಇದೇ ಉಪಚಾರ. ಮೊಳಕೆ ಬಂದು ಒಣಗಿದ ಜವೆಗೋಧಿಗೆ ಮಾಲ್ಟ್ ಎಂದು ಹೆಸರು. ಅದನ್ನು ನುಚ್ಚು ಮಾಡಿ, ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆಯ ಕಾಲ ನೆನೆಸಿಡುತ್ತಾರೆ. ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಆ ಸಿಹಿ ನೀರನ್ನು ಬಸಿದುಕೊಳ್ಳುತ್ತಾರೆ. ರಾಗಿ ಹಾಲು ಹಿಂಡಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಅಮ್ಮ ಕಲಗಚ್ಚಿನ ಬಾನಿಗೆ ಹಾಕುತ್ತಾಳಲ್ಲವೇ, ಅದೇ ರೀತಿ ಇಲ್ಲಿ ಉಳಿದ ಸಿಪ್ಪೆಯೇ ನಾವು ಹೇಳುವ ಚರಟ. ಹುದುಗು ಹಾಕಿ ಅಮಲು ಬರಿಸುವ ಕೆಲಸ ನಡೆಯುವುದು ಬಸಿದುಕೊಂಡ ನೀರಿಗೆ, ಅದೂ ಚರಟ ಹೊರಬಿದ್ದ ಮೇಲೆ. ಆದುದರಿಂದ ಹೊಸ ಚರಟದಲ್ಲಿ ಅಮಲು ಇಲ್ಲ. ನಾಲ್ಕು ದಿನ ಮುಚ್ಚಿಟ್ಟ ಚರಟ ತಾನಾಗಿ ಹುಳಿಯುವುದು ಬೇರೆಯ ಸಂಗತಿ, ಆ ತಪ್ಪು ಚರಟದ್ದಲ್ಲ, ಮುಚ್ಚಿಟ್ಟವರದು.

ಹಿಟ್ಟಿನ ಅಂಶ ನೀರಿನೊಡನೆ ಹೋದ ಮೇಲೆ ಸಿಪ್ಪೆಯಲ್ಲಿ ಉಳಿಯುವುದು ನಾರು ಮತ್ತು ಪ್ರೋಟೀನು. ಜವೆಗೋಧಿಯಲ್ಲಿ ನೂರಕ್ಕೆ ಹತ್ತು ಹನ್ನೊಂದರಷ್ಟಿದ್ದ ಪ್ರೋಟೀನು, ಒಣಗಿಸಿದ ಚರಟದಲ್ಲಿ ನೂರಕ್ಕೆ ಸುಮಾರು 25 ಆಗುತ್ತದೆ. ಗೋಧಿ ಬೂಸಾದಲ್ಲಿ ಇರುವುದು 14, 15. ಕಡಲೆಕಾಯಿ ಹಿಂಡಿಯಲ್ಲಿ ಇದಕ್ಕಿಂತ ಹೆಚ್ಚು, 40ರ ಮೇಲೆ. ನಮ್ಮ ರಾಗಿ ಹುಲ್ಲಿನಲ್ಲಿ ಮೂರೋ ನಾಲ್ಕೋ. ಅಂದರೆ ಚರಟವು ಬೂಸಾಕ್ಕಿಂತ ಮೇಲು, ಹಿಂಡಿಗಿಂತ ಕೆಳಗೆ. ನಮ್ಮ ಸೀಮೆಯಲ್ಲಿ ಜವೆಗೋಧಿ ಬೆಳೆಯುವವರಿಲ್ಲ, ಅದು ಬರುವುದು ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶಗಳ ಕಡೆಯಿಂದ. ಅಲ್ಲಿಯ ರೈತ ಬೆವರು ಸುರಿಸಿ ಬೆಳೆದ ಕಾಳಿನ ಸತ್ವದ ಒಂದು ಪಾಲು ಹೊಸಕೋಟೆಯ ಹಸುವಿನ ಬಾಯಿಗೆ ಬೀಳುತ್ತಿದೆಯೆಂದು ತಿಳಿಯಿರಿ.

ಎಷ್ಟು ಚರಟ ಉಂಟಾಗುತ್ತದೆ? ನೂರು ಲೀಟರ್ ಬಿಯರಿಗೆ ಸುಮಾರು 20 ಕಿಲೋ ಒದ್ದೆ ಚರಟವೆಂಬುದು ಲೋಕದಲ್ಲಿ ರೂಢಿಯಾದ ಲೆಕ್ಕ. ಅಕ್ಕಿ, ಸಕ್ಕರೆ ಬೆರೆಸಿ ಮಾಡುವ ಕಡೆ ಸ್ವಲ್ಪ ಕಡಿಮೆ. 650 ಮಿಲಿಲೀಟರಿನ ಹನ್ನೆರಡು ಬಾಟಲಿಯ ಒಂದು ಪೆಟ್ಟಿಗೆಯ ಹಿಂದೆ ಒಂದೂವರೆ ಕಿಲೋ ಚರಟ ಎಲ್ಲೋ ಬಿದ್ದಿದೆಯೆಂದು ಇಟ್ಟುಕೊಳ್ಳಿ. ಬಿಯರ್ ನಮ್ಮ ಸೀಮೆಗೆ ಹೊಸದೂ ಅಲ್ಲ. ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅವುಗಳಲ್ಲಿ ಒಂದು 1857ರಷ್ಟು ಹಳೆಯದು. ದಂಡಿನ ಬಿಳಿಯ ಸಿಪಾಯಿಗಳಿಗೆ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಯ ಮೇಲೆ ಕಳಿಸುತ್ತಿದ್ದ ಕಾಲ ಅದು. ಬೆಂಗಳೂರಿನ ಹಳೆಯ ಬ್ರೂವರಿ ಇದ್ದ ಜಾಗದಲ್ಲಿ ಇಂದು ಯು.ಬಿ. ಸಿಟಿಯ ಗಾಜಿನ ಮಹಡಿಗಳಿವೆ. 2021ರಲ್ಲಿ ಆ ಕಂಪನಿಯ ಹಿಡಿತ ಹಾಲೆಂಡಿನ ಹೈನೆಕೆನ್ ಕೈಗೆ ಹೋಯಿತು. ನಮ್ಮ ಜಿಲ್ಲೆಯ ನೆಲಮಂಗಲದ ಕಡೆ ಅವರ ಕಾರ್ಖಾನೆಯಿದೆ. ಇತ್ತ ಕೆ.ಆರ್. ಪುರದಿಂದ ಹೊಸಕೋಟೆಗೆ ಬರುವ ಹಳೆಯ ಮದರಾಸು ರಸ್ತೆಯಲ್ಲಿ, ನಿಂಬೆಕಾಯಿಪುರದ ಬಳಿ, ಗೈಸ್ಟ್ ಎಂಬ ಬ್ರೂವರಿಯನ್ನು ನೀವು ಬಸ್ಸಿನಿಂದ ದಿನವೂ ನೋಡುತ್ತೀರಿ. ಬೆಂಗಳೂರು ನಗರದೊಳಗೆ ಹೋಟೆಲಿನಲ್ಲೇ ಬಿಯರ್ ಕಾಯಿಸಿ ಬಡಿಸುವ ಸಣ್ಣ ಬ್ರೂವರಿಗಳು 2010ರ ಈಚೆಗೆ ಹತ್ತಾರು ತಲೆಯೆತ್ತಿವೆ. ಅಂಥದೊಂದು ಹೋಟೆಲಿನಲ್ಲಿ ಒಂದು ಸಲ 1000 ಲೀಟರ್ ಕಾಯಿಸಿದರೆ 200 ಕಿಲೋ ಚರಟ ಹಿಂಬಾಗಿಲಿಗೆ ಬಂದು ನಿಲ್ಲುತ್ತದೆ.

ಇಷ್ಟು ಪೀಠಿಕೆ. ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ.

ನಿಮ್ಮ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಬೆಳಿಗ್ಗೆ ನಿಮ್ಮ ಮನೆಯವರು ಹಾಲು ಹೊತ್ತುಕೊಂಡು ಹೋಗುತ್ತಾರೆ. ಅಲ್ಲಿ ಏನು ನಡೆಯುತ್ತದೆ? ಕಾರ್ಯದರ್ಶಿ ಹಾಲನ್ನು ಅಳೆದು ಸುಮ್ಮನಿರುವುದಿಲ್ಲ. ಡಿಗ್ರಿ ನೋಡುತ್ತಾನೆ, ಫ್ಯಾಟ್ ನೋಡುತ್ತಾನೆ. ನೀರು ಬೆರೆತಿದ್ದರೆ ಹಾಲನ್ನು ಹಿಂದಕ್ಕೆ ಕಳಿಸುತ್ತಾನೆ. ಡಿಗ್ರಿ ಬರದೆ ಹಾಲಿನ ಕ್ಯಾನು ಹೊತ್ತು ಮನೆಗೆ ಮರಳುವ ಹೆಂಗಸಿನ ಅವಮಾನವನ್ನು ನೋಡಿದವರೇ ಬಲ್ಲರು. ನಾವು ಆ ಪರೀಕ್ಷೆಯನ್ನು ತಪ್ಪೆನ್ನುವುದಿಲ್ಲ. ಪೇಟೆಯ ಮಗು ಕುಡಿಯುವ ಹಾಲಿನಲ್ಲಿ ನೀರಿರಬಾರದು. ಆದರೆ ಅದೇ ಹೆಂಗಸು ಅದೇ ಸಂಜೆ ಲಾರಿಯವನ ಹತ್ತಿರ ಚರಟ ಕೊಳ್ಳುತ್ತಾಳೆ. ಆ ಚರಟದ ನೂರು ಭಾಗದಲ್ಲಿ ನೀರು ಎಷ್ಟು ಗೊತ್ತೇ? 75ರಿಂದ 80 ಭಾಗ! ಅಲ್ಲಿ ಡಿಗ್ರಿ ನೋಡುವವರು ಯಾರು? ಹಾಲಿನಲ್ಲಿ ನೀರು ಬೆರೆತರೆ ಬಡವರಿಗೆ ದಂಡ, ಚರಟದಲ್ಲಿ ಮುಕ್ಕಾಲು ನೀರು ತೂಗಿದರೆ ಅದಕ್ಕೆ ವ್ಯಾಪಾರವೆಂದು ಹೆಸರು.

ಈ ನೀರನ್ನು ಕಾರ್ಖಾನೆಯವರು ಮೋಸಕ್ಕೆಂದು ಬೆರೆಸಿದ್ದಲ್ಲವೆಂಬುದನ್ನೂ ಹೇಳಿಬಿಡಬೇಕು. ಬಸಿದ ಸಿಪ್ಪೆ ಸ್ವಭಾವದಿಂದಲೇ ಅಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ನಮ್ಮ ದೂರು ನೀರಿನ ಮೇಲಲ್ಲ, ನೀರಿನ ಲೆಕ್ಕ ಮುಚ್ಚಿಡುವುದರ ಮೇಲೆ. ಲೆಕ್ಕ ಮಾಡೋಣ. ನೂರಕ್ಕೆ 78 ನೀರಿರುವ ಸಾವಿರ ಕಿಲೋ ಚರಟ ತಂದಿರಿ ಎನ್ನೋಣ. ಅದರಲ್ಲಿ ಹಸುವಿಗೆ ದಕ್ಕುವ ಒಣ ಪದಾರ್ಥ 220 ಕಿಲೋ. ಅದನ್ನು ಬೂಸಾ ಹಿಂಡಿಯಂತೆ ಕೆಡದೆ ಉಳಿಯುವಷ್ಟು, ಅಂದರೆ ನೂರಕ್ಕೆ ಹತ್ತು ಭಾಗ ನೀರು ಉಳಿಯುವ ತನಕ ಒಣಗಿಸಿದರೆ ಸಿಗುವುದು 244 ಕಿಲೋ. ಉಳಿದ 756 ಕಿಲೋ ಬರಿಯ ನೀರು. ಲಾರಿಯ ಡೀಸಲಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಈ ನೀರನ್ನು ಹೊತ್ತು ತರಲೆಂದೇ ಉರಿಯಿತು, ಅದನ್ನು ತೆತ್ತವರು ನೀವು. ಇದರಿಂದ ಒಂದು ಸುಲಭದ ಸೂತ್ರ ಸಿಗುತ್ತದೆ, ಮಗ್ಗಿ ಬಲ್ಲ ಮಗುವೂ ಮಾಡಬಹುದು. ಒದ್ದೆ ಚರಟದ ಕಿಲೋ ಬೆಲೆಯನ್ನು ನಾಲ್ಕರಿಂದ ಗುಣಿಸಿ. ಬಂದದ್ದು ಒಣ ಚರಟದ ಬೆಲೆ. ಅದನ್ನು ನಿಮ್ಮ ಬೂಸಾದ ಕಿಲೋ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಬೂಸಾಕ್ಕಿಂತ ತುಸು ಹೆಚ್ಚಾದರೆ ಕೊಳ್ಳಬಹುದು, ಪ್ರೋಟೀನು ಹೆಚ್ಚಿದೆ. ಹಿಂಡಿಯ ಬೆಲೆಯನ್ನು ಮುಟ್ಟಿದರೆ ಕೊಳ್ಳಬೇಡಿ. ಮೇಲೆ ನೋಡಿದರೆ ಅಗ್ಗ, ಗುಣಿಸಿ ನೋಡಿದರೆ ತುಟ್ಟಿಯೆಂಬುದು ಎಷ್ಟೋ ಸಲ ಬಯಲಾಗುತ್ತದೆ.

ಲಾರಿಯವನು ತಂದದ್ದರಲ್ಲಿ 78ರ ಬದಲು 84 ನೀರಿದ್ದರೆ? ಅದನ್ನೂ ಮನೆಯಲ್ಲೇ ಪರೀಕ್ಷಿಸಬಹುದು. ಅಂಗಡಿಯ ತಕ್ಕಡಿಯಲ್ಲಿ ನೂರು ಗ್ರಾಂ ಚರಟ ತೂಗಿ, ಕಬ್ಬಿಣದ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಸೀಯದಂತೆ ಕೆದಕುತ್ತಿರಿ. ತೂಗಿ ನೋಡಿ, ಮತ್ತೆ ಕೆದಕಿ, ಮತ್ತೆ ತೂಗಿ. ತೂಕ ಇನ್ನು ಇಳಿಯದೆಂದಾಗ ಎಷ್ಟು ಗ್ರಾಂ ಉಳಿಯಿತೋ ನೂರರಲ್ಲಿ ಅಷ್ಟು ಪಾಲು ಮೇವು. 22 ಬಂದರೆ ಸರಿ. 16 ಬಂದರೆ ಲಾರಿಯವನ ಮುಂದೆ ಬಾಣಲೆಯನ್ನು ಇಟ್ಟು ಮಾತನಾಡಿ.

ಬೆಲೆಗಿಂತ ದೊಡ್ಡ ಸಂಗತಿ ಇನ್ನೊಂದಿದೆ. ನೀರಿರುವ ಕಡೆ ಕೊಳೆತವಿರುತ್ತದೆ. ಪಾತ್ರೆಯಿಂದ ಬಿಸಿಯಾಗಿ ಹೊರಬಿದ್ದ ಚರಟದಲ್ಲಿ ನೀರಿದೆ, ಸ್ವಲ್ಪ ಸಕ್ಕರೆ ಉಳಿದಿದೆ, ಪ್ರೋಟೀನಿದೆ. ಹುಳಿಗೂ ಬೂಷ್ಟಿಗೂ ಇದಕ್ಕಿಂತ ಒಳ್ಳೆಯ ಹಬ್ಬದೂಟ ಉಂಟೇ? ನಮ್ಮ ಬಿಸಿಲಿಗೆ ಒಂದು ದಿನದಲ್ಲಿ ಹುಳಿ, ಎರಡು ಮೂರು ದಿನದಲ್ಲಿ ಬೂಷ್ಟು. ಕಾರ್ಖಾನೆಯ ಗೇಟಿನಲ್ಲಿ ಚರಟವನ್ನು ಒಟ್ಟಿಗೆ ಎತ್ತುವವರು ಗುತ್ತಿಗೆದಾರರು. ಮೊದಲ ದಿನದ ಮಾಲು ದೊಡ್ಡ ಫಾರಮ್ಮುಗಳಿಗೆ ಹೋಗುತ್ತದೆ. ಅಲ್ಲಿ ಉಳಿದದ್ದು ಹಳ್ಳಿ ಹಳ್ಳಿ ಸುತ್ತಿ, ಒಂದು ಹಸು ಎರಡು ಹಸುವಿನವರ ಬಾಗಿಲಿಗೆ ಬರುವಾಗ ಮೂರನೆಯ ದಿನ. ಕೆಲವು ತಿಂಗಳ ಹಿಂದೆ ಸೂಲಿಬೆಲೆ ಹೋಬಳಿಯ ಒಂದು ಮನೆಯಲ್ಲಿ ನಾವೇ ಕಂಡೆವು. ಗಂಡ ರಾತ್ರಿ ಪಾಳಿಗೆ ಹೋಗುವವನು, ಹೆಂಡತಿ ಎರಡು ಹಸು ಕಟ್ಟಿಕೊಂಡವಳು. ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕು ಚೀಲ ತೆಗೆದುಕೊಂಡಳು. ಚೀಲ ಬಿಚ್ಚಿದಾಗ ನಡುವೆ ಹಸುರು ಬೂಷ್ಟು. ಅದನ್ನು ಮಾತ್ರ ಕೆರೆದು ತೆಗೆದು ಉಳಿದದ್ದನ್ನು ಇಟ್ಟಳು. ಒಂದು ಹಸು ಮೇವು ಬಿಟ್ಟಿತು, ಹೊಟ್ಟೆ ಕೆಟ್ಟಿತು, ಹಾಲು ಅರ್ಧಕ್ಕಿಳಿಯಿತು. ನಾಲ್ಕು ಚೀಲದಲ್ಲಿ ಉಳಿಸಿದ ದುಡ್ಡು ಒಂದೇ ದಿನ ವೈದ್ಯರ ಔಷಧಿಗೆ ಹೋಯಿತು. "ಮೇಷ್ಟ್ರೇ, ಮೇಲೆ ಚೆನ್ನಾಗಿಯೇ ಇತ್ತಲ್ಲ" ಎಂದಳು ಆಕೆ. ಮೇಲೆ ಚೆನ್ನಾಗಿಯೇ ಇರುತ್ತದೆ ತಾಯಿ. ಬೂಷ್ಟಿನ ಬೇರು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತದೆ, ಕೆರೆದರೆ ಹೋಗುವುದಿಲ್ಲ. ಒಂದು ಜಾತಿಯ ಬೂಷ್ಟು ಹಸುವಿನ ನರಕ್ಕೆ ತಾಗಿ ಕಾಲು ನಡುಗಿಸಿ ಕೆಡವಿದ್ದನ್ನು ಬೇರೆ ದೇಶಗಳಲ್ಲಿ ಪಶುವೈದ್ಯರು ಬರೆದಿಟ್ಟಿದ್ದಾರೆ. ಇನ್ನೊಂದು ಜಾತಿಯದರ ವಿಷ ಮೇವಿನಿಂದ ಹಾಲಿಗೇ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ.

ಹಾಲಿನ ಮಾತು ಬಂದದ್ದರಿಂದ ನ್ಯೂಯಾರ್ಕಿನ ಒಂದು ಕಥೆ ಕೇಳಿ. ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಅಲ್ಲಿಯ ಸಾರಾಯಿ ಭಟ್ಟಿಗಳ ಪಕ್ಕದಲ್ಲೇ ಸಾಲು ಕೊಟ್ಟಿಗೆ ಕಟ್ಟಿ, ಹಸುಗಳನ್ನು ಅಲುಗಾಡದಂತೆ ನಿಲ್ಲಿಸಿ, ಭಟ್ಟಿಯ ಬಿಸಿ ಗಂಜಿಯನ್ನು ದೋಣಿಯಲ್ಲಿ ಹರಿಸುತ್ತಿದ್ದರು. ಹುಲ್ಲಿಲ್ಲ, ಬಿಸಿಲಿಲ್ಲ, ಗಾಳಿಯಿಲ್ಲ. ಆ ಹಸುಗಳ ನೀಲಿಬಣ್ಣದ ತೆಳು ಹಾಲನ್ನು ಬಡ ಕಾರ್ಮಿಕರ ಕೇರಿಗಳಲ್ಲಿ ಹಳ್ಳಿಯ ಶುದ್ಧ ಹಾಲೆಂದು ಮಾರಿದರು. ಎಳೆಗೂಸುಗಳು ಅದನ್ನು ಕುಡಿದು ಸತ್ತವು. 1858ರಲ್ಲಿ ಫ್ರಾಂಕ್ ಲೆಸ್ಲಿ ಎಂಬಾತನ ವಾರಪತ್ರಿಕೆ ಚಿತ್ರಸಹಿತ ಬಯಲಿಗೆಳೆದ ಮೇಲೆ ಗದ್ದಲವೆದ್ದು, 1862ರಲ್ಲಿ ಅದನ್ನು ತಡೆಯುವ ಕಾನೂನು ಬಂತು. ಒಂದು ವಾರಪತ್ರಿಕೆ ಏನು ಮಾಡಬಲ್ಲದೆಂಬುದಕ್ಕೆ ಇದನ್ನು ನೆನಪಿಡಬೇಕು. ಭಟ್ಟಿಯ ಗಂಜಿಯೂ ಬಿಯರಿನ ಚರಟವೂ ಒಂದೇ ಅಲ್ಲ. ಆದರೂ ಕೊಟ್ಟಿಗೆಯವರು ಕಲಿಯಬೇಕಾದ್ದು ಇದೆ. ಯಾವ ಒದ್ದೆ ಮೇವನ್ನೂ ಹುಲ್ಲಿಗೆ ಬದಲಾಗಿ ಹಾಕಬಾರದು, ಹುಲ್ಲಿನ ಜೊತೆಗೆ ಹಾಕಬೇಕು. ಕರೆಯುವ ಒಂದು ಹಸುವಿಗೆ ದಿನಕ್ಕೆ ಹತ್ತು ಕಿಲೋ ಒದ್ದೆ ಚರಟ ಮೀರದಿರಲಿ, ಒಣಗಿದ್ದಾದರೆ ಎರಡರಿಂದ ಎರಡೂವರೆ ಕಿಲೋ. ಮೊದಲ ದಿನವೇ ಬಾನಿ ತುಂಬ ಸುರಿಯದೆ ವಾರದ ಮೇಲೆ ಹೊತ್ತು ಹಿಡಿದು ಹೆಚ್ಚಿಸಬೇಕು. ಚರಟದಲ್ಲಿ ಸುಣ್ಣದ ಅಂಶ ಕಡಿಮೆ, ಆದುದರಿಂದ ಖನಿಜ ಮಿಶ್ರಣವನ್ನು ಮರೆಯಬಾರದು.

ಸರಿ, ಒಣಗಿಸುವುದು ಹೇಗೆ? ಬೆಂಕಿಯಲ್ಲಿ ಒಣಗಿಸೋಣ ಎನ್ನುವವರಿಗೆ ಮೊದಲು ಸೌದೆಯ ಲೆಕ್ಕ ಕೊಡುತ್ತೇವೆ. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 540 ಕಿಲೋ ಕ್ಯಾಲೊರಿ ಶಾಖ ಬೇಕು. ಒಣ ಸೌದೆ ಕಿಲೋಗೆ 3500ರಷ್ಟು ಕೊಡುತ್ತದೆ, ನಮ್ಮ ಒಲೆಯಲ್ಲಿ ಅದರ ಅರ್ಧವಾದರೂ ಗಾಳಿಗೆ ಹೋಗುತ್ತದೆ. ಕೂಡಿ ಕಳೆದರೆ 756 ಕಿಲೋ ನೀರಿಗೆ 230 ಕಿಲೋಗೂ ಮೀರಿ ಸೌದೆ! 244 ಕಿಲೋ ಮೇವಿಗೆ ಹೆಚ್ಚು ಕಡಿಮೆ ಅಷ್ಟೇ ತೂಕದ ಸೌದೆ ಸುಡುವುದು ಕೋಳಿಗಿಂತ ಮಸಾಲೆ ತುಟ್ಟಿಯಾದಂತೆ. ಹೊಸಕೋಟೆಯವರಿಗೆ ಬಿರಿಯಾನಿಯ ಲೆಕ್ಕ ನಾವು ಹೇಳಿಕೊಡಬೇಕಾಗಿಲ್ಲ.

ಆದುದರಿಂದ ಮೊದಲು ಹಿಂಡಬೇಕು, ಆಮೇಲೆ ಒಣಗಿಸಬೇಕು. ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡಿದವರಿಗೆ ತಿರುಪಿನ ಪ್ರೆಸ್ಸು ಗೊತ್ತು. ಅಂಥದೇ ಯಂತ್ರದಲ್ಲಿ ಚರಟವನ್ನು ಒತ್ತಿದರೆ ನೀರಿನ ಪಾಲು 78ರಿಂದ 65ಕ್ಕೆ ಇಳಿಯುತ್ತದೆ. 13 ಇಳಿದರೆ ಏನಾಯಿತು ಎನ್ನಬೇಡಿ. ಸಾವಿರ ಕಿಲೋ ಇದ್ದದ್ದು 630 ಕಿಲೋಗೆ ಬಂದಿರುತ್ತದೆ. ತೆಗೆಯಬೇಕಾದ ನೀರಿನಲ್ಲಿ ಹತ್ತಿರ ಹತ್ತಿರ ಅರ್ಧ, 370 ಕಿಲೋ, ಒಂದು ಕಡ್ಡಿ ಸೌದೆಯಿಲ್ಲದೆ ಹೋಯಿತು. ಹಿಂಡಿ ಬಂದ ನೀರಿನಲ್ಲಿ ಸತ್ವವಿದೆ, ಅಂದೇ ಕಲಗಚ್ಚಿಗೆ ಹಾಕಬಹುದು, ಗೊಬ್ಬರದ ಗುಂಡಿಗೆ ಬಿಡಬಹುದು. ಚರಂಡಿಗೆ ಮಾತ್ರ ಬಿಡಕೂಡದು. ಅದು ಹೋಗಿ ಸೇರುವುದು ನಮ್ಮ ಕೆರೆಯನ್ನೇ, ಕೆರೆಯ ನೀರಿನ ಉಸಿರು ಕಟ್ಟಿ ಮೀನು ಸಾಯುತ್ತವೆ.

ಉಳಿದ ನೀರನ್ನು ಬಿಸಿಲಿಗೆ ಬಿಡಿ. ಬಿಸಿಲಿಗೆ ಯಾವ ಗುತ್ತಿಗೆದಾರನೂ ಇಲ್ಲ. ಇಪ್ಪತ್ತಡಿ ಅಗಲ ನಲವತ್ತಡಿ ಉದ್ದದ ಸಿಮೆಂಟ್ ಕಣವಿದ್ದರೆ ಸಾವಿರ ಕಿಲೋ ಚರಟವನ್ನು ಹಿಂಡಿ ಹರಡಲು ಸಾಕು. ಒಂದು ಅಂಗುಲಕ್ಕಿಂತ ದಪ್ಪ ಹರಡಬಾರದು. ಗಂಟೆಗೊಮ್ಮೆಯಾದರೂ ಕೆದಕಬೇಕು, ಗಂಟು ಕಟ್ಟಲು ಬಿಟ್ಟರೆ ಗಂಟಿನೊಳಗೆ ಬೂಷ್ಟು ಹುಟ್ಟುತ್ತದೆ. ಬೇಸಿಗೆಯ ಬಿಸಿಲಾದರೆ ಬಹುಮಟ್ಟಿಗೆ ಒಂದು ಹಗಲಿನ ಕೆಲಸ, ಮುಗಿಯದಿದ್ದರೆ ರಾತ್ರಿ ಮಂಜು ಬೀಳದಂತೆ ಸೂರಿನಡಿ ಎಳೆದು ಮರುದಿನ ಮುಗಿಸಬೇಕು. ಇದರಲ್ಲಿ ಒಂದು ಅದೃಷ್ಟವೂ ಸೇರಿದೆ. ಬಿಯರ್ ಹೆಚ್ಚು ಖರ್ಚಾಗುವುದು ಬೇಸಿಗೆಯಲ್ಲಿ, ಚರಟ ಹೆಚ್ಚು ಬರುವುದೂ ಆಗಲೇ. ಬಿಸಿಲು ಚೆನ್ನಾಗಿರುವುದೂ ಆಗಲೇ, ಹಸಿ ಮೇವು ಇಲ್ಲದೆ ಹಸು ಬಡವಾಗುವುದೂ ಆಗಲೇ. ರಾಗಿ ಕಣವನ್ನು ಟಾರು ರಸ್ತೆಯ ಮೇಲೆ ಮಾಡುವ ಅಭ್ಯಾಸ ನಮ್ಮವರಿಗಿದೆ. ಚರಟಕ್ಕೆ ಅದು ಬೇಡ. ಬಸ್ಸಿನ ಎಣ್ಣೆ, ಟೈರಿನ ಧೂಳು ಹಸುವಿನ ಹೊಟ್ಟೆಗೆ ಹೋಗಬಾರದು, ರಾತ್ರಿ ಬೈಕಿನವರು ಜಾರಿ ಬೀಳಲೂಬಾರದು.

ಮಳೆಗಾಲದಲ್ಲಿ ಒಣಗಿಸುವ ಹಟ ಬೇಡ. ಆಗ ಐದು ಭಾಗ ಹೊಸ ಚರಟಕ್ಕೆ ಒಂದು ಭಾಗ ಸಣ್ಣಗೆ ಕತ್ತರಿಸಿದ ರಾಗಿ ಹುಲ್ಲು ಬೆರೆಸಿ, ಪ್ಲಾಸ್ಟಿಕ್ ಪೀಪಾಯಿಯಲ್ಲಿ ಗಾಳಿ ಉಳಿಯದಂತೆ ತುಳಿದು ತುಂಬಿ, ಬಾಯಿ ಬಿಗಿದು ಮೂರು ವಾರ ಇಟ್ಟರೆ ರಸಮೇವಾಗುತ್ತದೆ. ಹುಲ್ಲು ಹೆಚ್ಚಿನ ನೀರನ್ನು ಕುಡಿದುಕೊಳ್ಳುತ್ತದೆ, ರಾಗಿ ಹುಲ್ಲನ್ನು ಮೂಸದ ಹಸುವೂ ಅದನ್ನು ತಿನ್ನುತ್ತದೆ. ಚರಟ ಬಂದ ದಿನವೇ ತುಂಬಬೇಕೆಂಬುದೊಂದೇ ಕಟ್ಟಳೆ.

ಹೊರಗಿನವರು ಏನು ಮಾಡಿದ್ದಾರೆಂದು ಕೆಲವರು ಕೇಳುತ್ತಾರೆ. ಅಲಾಸ್ಕಾದ ಜೂನೋ ಎಂಬ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ, ಹಡಗು ಇಲ್ಲವೆ ವಿಮಾನ. ಅಲ್ಲಿ ಬ್ರೂವರಿಯಿದೆ, ಹತ್ತಿರದಲ್ಲಿ ಹಸುಗಳಿಲ್ಲ. ಅವರು ಚರಟವನ್ನು ಒಣಗಿಸಿ ಹಡಗಿನಲ್ಲಿ ದೂರದ ದನಗಳಿಗೆ ಕಳಿಸುತ್ತಿದ್ದರು, ಆಮೇಲೆ ಒಣ ಚರಟವನ್ನೇ ಬಾಯ್ಲರಿಗೆ ಸೌದೆಯಾಗಿ ಉರಿಸತೊಡಗಿದರು. ದನವಿಲ್ಲದ ಊರಿನ ಉಪಾಯ ಅದು. ಹಾಲಿನ ಸೀಮೆಯಾದ ನಮ್ಮಲ್ಲಿ ಪ್ರೋಟೀನನ್ನು ಒಲೆಗೆ ಹಾಕುವ ಗತಿ ಬಂದಿಲ್ಲ. ಬೆಂಗಳೂರಿನಲ್ಲಿ ಸೇವಿಂಗ್ ಗ್ರೇನ್ಸ್ ಎಂಬ ಸಂಸ್ಥೆಯವರು ಸಣ್ಣ ಬ್ರೂವರಿಗಳ ಚರಟವನ್ನು ಒಣಗಿಸಿ ಹಿಟ್ಟು ಮಾಡಿ ಮನುಷ್ಯರ ತಿಂಡಿಗೇ ತಂದಿದ್ದಾರೆ. ನಾರು ಹೆಚ್ಚಿರುವ ಈ ಹಿಟ್ಟನ್ನು ಗೋಧಿ ಹಿಟ್ಟಿಗೆ ಹತ್ತರಲ್ಲೊಂದು ಪಾಲು ಬೆರೆಸಿ ಬಿಸ್ಕತ್ತೋ ರೊಟ್ಟಿಯೋ ಮಾಡಬಹುದು. ಬೇಕರಿ ಇಟ್ಟುಕೊಂಡವರು ಯೋಚಿಸತಕ್ಕದ್ದೇ. ಆದರೆ ಮನುಷ್ಯರ ಆಹಾರಕ್ಕೆ ಚರಟವನ್ನು ಬಿಸಿ ಆರುವ ಮುಂಚೆಯೇ ಶುದ್ಧವಾದ ಕಡೆ ಒಣಗಿಸಬೇಕು, ಪರವಾನಗಿಯೂ ಬೇಕು. ಕಣದಲ್ಲಿ ಒಣಗಿದ್ದು ಕೊಟ್ಟಿಗೆಗೆ ಮಾತ್ರ.

ಈಗ ಯಾರ ಕೈಯಲ್ಲಿ ಈ ಕೆಲಸ ಇರಬೇಕು ಎಂಬ ಪ್ರಶ್ನೆ. ಚರಟದ ಬೆಲೆ ಏರುವುದು ನೀರು ಇಳಿದಾಗ. ಆದುದರಿಂದ ನೀರನ್ನು ಇಳಿಸುವವನ ಜೇಬಿಗೇ ಲಾಭ ಹೋಗುವುದು. ಇಂದು ಆ ಜಾಗ ಬಹುಮಟ್ಟಿಗೆ ಖಾಲಿಯಿದೆ, ಒದ್ದೆಯಾಗಿಯೇ ಮಾರಿ ಕೈತೊಳೆದುಕೊಳ್ಳುವವರೇ ಹೆಚ್ಚು. ನಾಳೆ ಯಾರಾದರೂ ಧನಿಕರು ದೊಡ್ಡ ಯಂತ್ರ ನಿಲ್ಲಿಸಿ ಚೀಲಕ್ಕೆ ಬಣ್ಣದ ಹೆಸರು ಹಾಕಿ ನಮಗೇ ಮಾರುವ ಮೊದಲು, ಹೋಬಳಿಗೆ ಒಂದು ಪ್ರೆಸ್ಸು, ಒಂದು ಕಣ, ಒಂದು ಸೂರನ್ನು ಹಾಲಿನ ಸಂಘಗಳು ಕೂಡಿ ಮಾಡಿಕೊಳ್ಳಬಾರದೇಕೆ? 1905ರಲ್ಲಿ ಗದಗಿನ ಬಳಿ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದವರು ನಮಗಿಂತ ಸಿರಿವಂತರೇನಾಗಿರಲಿಲ್ಲ. ಹಾಲು ಮಾರಲು ಕೂಡಿದವರು ಮೇವು ಕೊಳ್ಳಲು ಬಿಡಿಬಿಡಿಯಾಗಿ ಲಾರಿಯ ಹಿಂದೆ ಓಡುವುದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಕಾರ್ಖಾನೆಯವರ ಮುಂದೆ ನಾವು ಇಡುವ ಕೋರಿಕೆಯೂ ದೊಡ್ಡದಲ್ಲ. ಗೇಟಿನಿಂದ ಹೊರಡುವ ಪ್ರತಿಯೊಂದು ಲಾರಿಗೂ ಚರಟ ಪಾತ್ರೆಯಿಂದ ಹೊರಬಿದ್ದ ದಿನ, ಹೊತ್ತು ಬರೆದ ಚೀಟಿ ಕೊಡಿ, ಒಣ ಪದಾರ್ಥ ಎಷ್ಟೆಂದು ಬರೆಯಿರಿ, ಸಂಘಗಳಿಗೆ ಒಂದು ಪಾಲನ್ನು ನೇರವಾಗಿ ಕೊಡಿ. ಬೆಲೆಯನ್ನು ತೂಕದ ಮೇಲೆ ಕಟ್ಟದೆ ಒಣ ಪದಾರ್ಥದ ಮೇಲೆ ಕಟ್ಟಿ, ನಮ್ಮ ಹಾಲಿಗೆ ಕಟ್ಟುವಂತೆ. ಮಾದರಿ ಪರೀಕ್ಷೆಗೆ ದೂರ ಹೋಗಬೇಕಾದುದಿಲ್ಲ. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿ ವಿಶ್ರಾಂತಿಗಿದ್ದಾಗ ದನ ಸಾಕಣೆಯ ಪಾಠ ಕಲಿಯಲು ಹೋದ ಆಡುಗೋಡಿಯ ಆವರಣವಿದೆಯಲ್ಲ, ಅಲ್ಲಿಯೇ ಪಶುಗಳ ಆಹಾರಕ್ಕೆಂದು 1995ರಲ್ಲಿ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಗಿದೆ.

ಭಾಷಣ ಮುಗಿದ ಮೇಲೆ ಬೂಸಾ ಅಂಗಡಿಯ ಯಜಮಾನರೊಬ್ಬರು ಎದ್ದು ಎರಡು ಪ್ರಶ್ನೆ ಕೇಳಿದರು. ಸಂಘಗಳೇ ಎಲ್ಲವನ್ನೂ ಮಾಡಿದರೆ ತಮ್ಮಂಥ ಸಣ್ಣ ವರ್ತಕರ ಗತಿಯೇನೆಂಬುದು ಒಂದು. ಒಣ ಚರಟವನ್ನು ಬೂಸಾಕ್ಕೆ ಬೆರೆಸಿ ಮಾರಬಹುದೇ ಎಂಬುದು ಇನ್ನೊಂದು. ನಾವು ಕೊಟ್ಟ ಉತ್ತರ ಹೀಗಿತ್ತು. ಸಂಘ ಒಣಗಿಸಲಿ, ಚಿಲ್ಲರೆಯಾಗಿ ಐದು ಕಿಲೋ ಹತ್ತು ಕಿಲೋ ಮಾರುವುದು, ಕೈಯಲ್ಲಿ ದುಡ್ಡಿಲ್ಲದ ದಿನ ಸಾಲ ಕೊಡುವುದು ನಿಮ್ಮ ಅಂಗಡಿಯೇ ಅಲ್ಲವೇ? ಒದ್ದೆ ಚರಟವನ್ನು ನಿಮ್ಮ ಅಂಗಡಿಯಲ್ಲಿ ಒಂದು ದಿನವೂ ಇಡಲಾಗದು, ಒಣಗಿದ್ದನ್ನು ತಿಂಗಳುಗಟ್ಟಲೆ ಇಡಬಹುದು. ಒಣಗಿಸುವುದರಿಂದಲೇ ಅದು ಲಾರಿಯವನ ಕೈಬಿಟ್ಟು ನಿಮ್ಮ ಕೈಗೆ ಬರುವುದು. ಬೆರೆಸಿ ಮಾರುವುದಾದರೆ ಎಷ್ಟಕ್ಕೆ ಎಷ್ಟು ಬೆರೆಸಿದ್ದೀರೆಂದು ಚೀಲದ ಮೇಲೆ ಬರೆದು ಮಾರಿ, ಬೂಸಾವೆಂದು ಮಾತ್ರ ಬರೆದು ಮಾರಬೇಡಿ. ಕೊಳ್ಳುವಾಗ ಒಂದು ಹಿಡಿ ತೆಗೆದು ಬಿಗಿಯಾಗಿ ಅಮುಕಿ ಕೈ ಬಿಚ್ಚಿ ನೋಡಿ. ಉದುರಿ ಹೋದರೆ ಒಣಗಿದೆ. ಉಂಡೆ ಕಟ್ಟಿ ನಿಂತರೆ ಆ ಚೀಲವನ್ನು ಹಿಂದಕ್ಕೆ ಕಳಿಸಿ, ಕಣದಲ್ಲಿ ಇನ್ನೊಂದು ಬಿಸಿಲು ಕಂಡು ಬರಲಿ.